ಲೀಲಕ್ಕನ ಕೈ ನಿಂತ ಮಧ್ಯಾಹ್ನ

ಲೀಲಕ್ಕನ ಕೈ ನಿಂತುಬಿಟ್ಟಿತು. ಬೀಡಿ ಸುತ್ತುವಾಗ ಅವರ ಕಣ್ಣು ಟಿ.ವಿ.ಯಲ್ಲಿದ್ದರೂ ಬೆರಳುಗಳು ತಮ್ಮಷ್ಟಕ್ಕೇ ಎಲೆ ಸುರುಟಿ ನೂಲು ಕಟ್ಟುತ್ತಿರುತ್ತವೆ. ಬೆಳ್ತಂಗಡಿಯ ನಮ್ಮ ಮನೆಯ ಚಾವಡಿಯಲ್ಲಿ ಊಟ ಮುಗಿಸಿ ನಾವಿಬ್ಬರೂ ಹೀಗೇ ಸಿನೆಮಾ ನೋಡುತ್ತೇವೆ. ಮದುವೆಯಾಗದೆ ಐವತ್ತು ದಾಟಿದ ಪಕ್ಕದ ಮನೆಯ ಈ ಅಕ್ಕನ ಕೈ ಸುಮ್ಮನಾದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಪರದೆಯ ಮೇಲೆ, ಎಷ್ಟೋ ಜನರನ್ನು ಬೀದಿಗೆ ತಳ್ಳಿದ ಶ್ರೀಮಂತ ಉದ್ಯಮಿಯೊಬ್ಬ ತನ್ನ ಗುಟ್ಟಿನ ಪ್ರೇಯಸಿಯ ಮನೆಯೆದುರು ಕಾರು ನಿಲ್ಲಿಸಿದ್ದ. ಅವಳು ಓಡಿ ಬರುತ್ತಿದ್ದಳು.

"ಎಂಥ ಕಟುಕ ಮಾರಾಯ್ರೆ! ಇವಳು ಯಾಕೆ ಅವನಿಗೆ ಮರುಳಾದದ್ದು?" ಎಂದೆ ನಾನು.

ಲೀಲಕ್ಕ ಕನಸಿನಲ್ಲಿರುವವರಂತೆ ಮೆಲ್ಲಗೆ ಹೇಳಿದರು: "ಇವನು ಬಾಗಿಲವರೆಗಾದರೂ ಬರ್ತಾನೆ. ನನ್ನವರು ಕಾರು ನಿಲ್ಲಿಸ್ತಿದ್ದದ್ದು ಪುಂಜಾಲಕಟ್ಟೆಯಲ್ಲಿ. ಅಲ್ಲಿವರೆಗೆ ನಾನು ಬಸ್ಸಲ್ಲಿ ಹೋಗ್ಬೇಕಿತ್ತು."

ಅವರ ತೊಡೆಯ ಮೇಲಿನ ತಂಬಾಕಿನ ಗೆರಸೆಯಲ್ಲಿ ಟಿ.ವಿ.ಯ ನೀಲಿ ಬೆಳಕು ತೇಲುತ್ತಿತ್ತು. ಸ್ವಲ್ಪ ಹೊತ್ತಿಗೆ ಬೆರಳುಗಳು ಮತ್ತೆ ಕೆಲಸಕ್ಕೆ ತೊಡಗಿದವು.

ಆ ಸಿನೆಮಾ ಹೇಗೆ ಮುಗಿಯಿತೆಂದು ನನಗೆ ನೆನಪಿಲ್ಲ. ಈಗ ಹೊರಗೆ ಯಾವುದಾದರೂ ಕಾರು ನಿಧಾನಿಸಿದ ಸದ್ದು ಕೇಳಿದರೆ ನಾನು ರಸ್ತೆಯತ್ತ ನೋಡುವುದಿಲ್ಲ, ಲೀಲಕ್ಕನ ಕೈ ನೋಡುತ್ತೇನೆ.