ಪರದೆಯೊಳಗೆ ಬಂದ ಸೇವಂತಿ ಸಿಸ್ಟರ್

ಸೇವಂತಿ ಸಿಸ್ಟರ್ ಉಡುಪಿಯ ಕಡೆಯವರು. ಪರೇಲಿನ ಒಂದು ಧರ್ಮಾಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಹನ್ನೊಂದು ವರ್ಷ ದುಡಿದಿದ್ದರು. ಮೂತ್ರ ಕಟ್ಟಿದ ಗಂಡಸರಿಗೆ ನಳಿಕೆ ಹಾಕುವುದು ಅಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಗಂಡಾಳು, ಅಂದರೆ ಡ್ರೆಸರನ ಕೆಲಸ. ಸಿಸ್ಟರು ನಳಿಕೆಗಳನ್ನು ಕುದಿಸಿ, ಟ್ರೇಯಲ್ಲಿಟ್ಟು, ಪರದೆಯ ಹೊರಗಿನಿಂದ ಕೈ ಚಾಚಿ ಕೊಡಬೇಕು, ಒಳಗೆ ಕಾಲಿಡಬಾರದು. ಹಾಗೆ ನಿಂತು ನಿಂತು, ನಳಿಕೆ ಎಲ್ಲಿ ತಡೆಯಿತು, ಎಲ್ಲಿ ಜಾರಿತು ಎಂಬುದನ್ನು ಅವರು ರೋಗಿಯ ಉಸಿರಿನಿಂದಲೇ ತಿಳಿಯುತ್ತಿದ್ದರು.

ನಾನು ಅವರನ್ನು ಕಂಡದ್ದು ೧೯೫೬ರ ಬೇಸಿಗೆಯ ಒಂದು ಬೆಳಿಗ್ಗೆ. ದಹಿಸರಿನ ಚಾಳಿನಲ್ಲಿ, ಶಾಲೆಯ ಮಾಸ್ತರನಾಗಿದ್ದ ನನ್ನ ಪಕ್ಕದ ಖೋಲಿಯ ಸಿದ್ದಲಿಂಗಪ್ಪನವರು ಎರಡು ದಿನದಿಂದ ಮೂತ್ರ ಕಟ್ಟಿ ಒದ್ದಾಡುತ್ತಿದ್ದರು. ವಿಜಾಪುರದಿಂದ ಬಂದು ಮನೆಮನೆಗೆ ಸೀರೆ ಮಾರುತ್ತಿದ್ದ ಅರವತ್ತರ ಮನುಷ್ಯ. ನಾಚಿಕೆಯಿಂದ ಹೆಂಡತಿಗಲ್ಲದೆ ಯಾರಿಗೂ ಹೇಳಿರಲಿಲ್ಲ. ಆಕೆ, ಕಾಶವ್ವ, ಕುಡಿದರೆ ತಾನೇ ಹೋಗುತ್ತದೆಂದು ತಂಬಿಗೆಗಟ್ಟಲೆ ಜೀರಿಗೆ ನೀರು ಕುಡಿಸಿದ್ದಳು. ಕೊನೆಗೆ ಆಕೆ ಬಂದು ನನ್ನನ್ನು ಕರೆದಳು. ಲೋಕಲ್ ರೈಲಿನಲ್ಲಿ ಆಸ್ಪತ್ರೆಗೆ ಕರೆತರುವಾಗ ಗಾಡಿ ಕುಲುಕಿದಾಗಲೆಲ್ಲ ಅವರು ಚೀರುತ್ತಿದ್ದರು.

ಡ್ರೆಸರ್ ಚೆನ್ನಯ ಎರಡು ಸಲ ಲೋಹದ ನಳಿಕೆ ಹಾಕಿ ನೋಡಿದ. ತುದಿಯಲ್ಲಿ ರಕ್ತ ಬಂತೇ ಹೊರತು ಒಂದು ಹನಿ ಮೂತ್ರ ಬರಲಿಲ್ಲ. ಹೊಟ್ಟೆ ಹೊಕ್ಕುಳಿನವರೆಗೆ ಮಡಕೆಯಂತೆ ಉಬ್ಬಿತ್ತು. ಸರ್ಜನರು ಆಪರೇಶನ್ನಿನಲ್ಲಿದ್ದರು, ಇನ್ನೆರಡು ಗಂಟೆ ಹೊರಬರುವಂತಿರಲಿಲ್ಲ. ಪರದೆಯೊಳಗೆ ನಾನೂ ಕಾಶವ್ವನೂ ಸಿದ್ದಲಿಂಗಪ್ಪನವರ ಭುಜ ಹಿಡಿದು ನಿಂತಿದ್ದೆವು.

“ಇನ್ನೊಮ್ಮೆ ಒತ್ತಿ ನೋಡುತ್ತೇನೆ ಸಿಸ್ಟರ್,” ಎಂದ ಚೆನ್ನಯ.

“ಒತ್ತಬೇಡ ಮಾರಾಯ! ಒಳಗೆ ಹರಿದುಹೋದೀತು,” ಎನ್ನುತ್ತ ಸಿಸ್ಟರ್ ಪರದೆ ಸರಿಸಿ ಒಳಗೆ ಬಂದೇಬಿಟ್ಟರು.

ಸಿದ್ದಲಿಂಗಪ್ಪನವರು ಧೋತರವನ್ನು ಎರಡೂ ಕೈಗಳಿಂದ ಅವುಚಿಕೊಂಡರು. “ಹೆಣ್ಣಮಗಳ ಕೈಲೆ ಬ್ಯಾಡ್ರಿ ಮಾಸ್ತರ. ಸತ್ರ ಸಾಯ್ತೀನಿ.”

“ಸಾಯ್ರಿ!” ಎಂದಳು ಕಾಶವ್ವ. “ಸತ್ತಮ್ಯಾಲೆ ಮೈ ತೊಳ್ಯಾಕ ನಾಕು ಮಂದಿ ಬರ್ತಾರಲ್ಲ, ಅವರ ಮುಂದೂ ಹಿಂಗ ಹಿಡಕೊಂಡು ಮಕ್ಕೋತೀರೇನು?” ಬೈಯುವ ಬಾಯಿಯ ಮೇಲೆಯೇ ಕಣ್ಣೀರು ಇಳಿಯುತ್ತಿತ್ತು.

ಸಿಸ್ಟರ್ ನಗಲಿಲ್ಲ. “ಅಣ್ಣಾ, ಗೋಡೆಯ ಕಡೆ ನೋಡಿ. ನಾನೂ ನಿಮ್ಮ ಮುಖ ನೋಡುವುದಿಲ್ಲ,” ಎಂದರು. ಧೋತರ ಹಿಡಿದಿದ್ದ ಸಿದ್ದಲಿಂಗಪ್ಪನವರ ಕೈ ಮೆಲ್ಲನೆ ಸಡಿಲವಾಯಿತು.

ತುದಿ ತುಸು ಬಾಗಿದ ರಬ್ಬರಿನ ನಳಿಕೆಯೊಂದನ್ನು ಸಿಸ್ಟರ್ ಆರಿಸಿ, ಗ್ಲಿಸರೀನಿನಲ್ಲಿ ಅದ್ದಿ, ಬಾಗು ಮೇಲ್ಮುಖವಾಗಿರುವಂತೆ ಹಿಡಿದು ಒಳಗೆ ಬಿಟ್ಟರು. ಅದೂ ಚೆನ್ನಯನ ನಳಿಕೆ ನಿಂತಲ್ಲಿಯೇ ತಡೆಯಿತು. ಸಿದ್ದಲಿಂಗಪ್ಪನವರು ನನ್ನ ಅಂಗಿ ಹರಿಯುವಂತೆ ಜಗ್ಗಿದರು. ಇನ್ನು ಆಗದು ಎಂದುಕೊಂಡೆ ನಾನು. ಸಿಸ್ಟರ್ ಮಾತ್ರ ಒತ್ತಲೂ ಇಲ್ಲ, ಹೊರಗೆಳೆಯಲೂ ಇಲ್ಲ. ಕೈಯನ್ನು ಹಾಗೆಯೇ ನಿಲ್ಲಿಸಿಕೊಂಡು ಕಾದರು. ಹಣೆಯ ಬೆವರು ಮೂಗಿನ ತುದಿಗೆ ಬಂದಿತ್ತು.

“ಕಾಲ್ಬೆರಳು ಆಡಿಸಿ.”

“ಏನ್ರೀ?”

“ಬೆರಳು ಅಣ್ಣಾ, ಬೆರಳು! ಆಡಿಸುತ್ತ ಉಸಿರು ಬಿಡಿ.”

ಒಡೆದ ಹಿಮ್ಮಡಿಯ ಆ ಕಾಲುಗಳ ಬೆರಳು ಒಂದೊಂದಾಗಿ ಅಲುಗಿದವು. ಬಿಗಿದ ತೊಡೆ ಸಡಿಲಿತು. ನಳಿಕೆ ಜಾರಿತು. ರಕ್ತ ಬೆರೆತ ಕಪ್ಪು ಮೂತ್ರ ಬೋಗುಣಿಗೆ ಧಾರೆಯಾಗಿ ಇಳಿಯಿತು. ಅರ್ಧ ತುಂಬುವಷ್ಟರಲ್ಲಿ ಸಿಸ್ಟರ್ ನಳಿಕೆಗೆ ಚಿಮಟ ಹಾಕಿ ಹರಿವು ತಡೆದರು.

“ಪೂರಾ ಬಿಡ್ರಿ, ಕಾಲಿಗೆ ಬೀಳ್ತೀನಿ!”

“ಒಮ್ಮೆಲೇ ಖಾಲಿಯಾದರೆ ಮೂರ್ಛೆ ಹೋಗುತ್ತೀರಿ. ತಾಳಿ.”

ಹೀಗೆ ಬಿಡುತ್ತ, ತಡೆಯುತ್ತ ಎರಡು ಗಂಟೆ ಕಳೆಯಿತು. ಸರ್ಜನರು ಬಂದು ನೋಡಿ, ಒಳಗೆ ಗಂಟು ಬೆಳೆದಿದೆ, ಆಪರೇಶನ್ ಆಗುವ ತನಕ ನಳಿಕೆ ಇರಲಿ ಎಂದರು.

“ಇದು ಮತ್ತ ಕಟ್ಟಿದ್ರ?” ಎಂದು ಸಿದ್ದಲಿಂಗಪ್ಪನವರು ಕೇಳಿದರು.

“ಬೇರೆ ಹಾಕುತ್ತೇವೆ.”

“ಯಾರು?”

“ಚೆನ್ನಯ. ಇಲ್ಲಿಯ ಪದ್ಧತಿ ಹಾಗೆ,” ಎಂದರು ಸಿಸ್ಟರ್.

ಸಿದ್ದಲಿಂಗಪ್ಪನವರು ಸರ್ಜನರಿಗೆ ಕೈ ಮುಗಿದರು. “ಬ್ಯಾಡ್ರಿ ಸಾಹೇಬ್ರ. ಈ ನಮ್ಮವ್ವನ್ನೇ ಕಳಸ್ರಿ.”

ಸರ್ಜನರು ಚೆನ್ನಯನ ಮುಖ ನೋಡಿದರು. ಚೆನ್ನಯ ತಲೆ ಅಲ್ಲಾಡಿಸಿ ಒಪ್ಪಿದ.