ಗುಡಿ ಕಾಣುವ ತಿರುವು

ತೆರಕಣಾಂಬಿಯಲ್ಲಿ ಟೊಮೆಟೊ ಸಾಗಿಸುವ ಆಟೋದ ರಂಗರಾಜು ಐವತ್ತು ದಾಟಿದವರು. ಬೆಟ್ಟದ ಓಟದ ಪಂದ್ಯಗಳಲ್ಲಿ ಅವರು ಏರು ಹತ್ತುವುದನ್ನು ಕಂಡರೆ ಮೇಕೆಗಳೂ ದಾರಿ ಬಿಡುತ್ತವೆ. ಆದರೂ ಈ ಹಂಗಾಮಿನಲ್ಲಿ ಒಂದನ್ನೂ ಗೆದ್ದಿಲ್ಲ. ತುದಿಯ ಗುಡಿ ಕಂಡೊಡನೆ, ಎಷ್ಟೇ ಮುಂದಿದ್ದರೂ, ಕುಳಿತು ಶೂ ಬಿಚ್ಚುತ್ತಾರೆ. ಬರಿಗಾಲಲ್ಲಿ ಮತ್ತೆ ಓಡುವಷ್ಟರಲ್ಲಿ ಹಿಂದಿದ್ದ ಹಂಗಳ ಊರಿನ ದಿಲೀಪ್ ಗುರಿ ಮುಟ್ಟಿರುತ್ತಾನೆ. ಹಾಗೆ ಗೆದ್ದ ಬಹುಮಾನದ ಕಪ್‌ಗಳನ್ನು ಮನೆಯಲ್ಲಿ ಎದುರಿಗಿಡಲು ದಿಲೀಪನಿಗೇ ನಾಚಿಕೆ. “ಒಂದ್ಸಲ ಬಿಚ್ದೆ ಓಡಣ್ಣೋ” ಎಂದು ಬೇಡಿಕೊಂಡರೆ, “ದೇವ್ರ ಮುಂದ್ಕೆ ಶೂ ಆಕಂಡು ಓಗಕಾದದಾ? ನೀ ಗೆಲ್ಲು ಬುಡ್ಲಾ” ಎನ್ನುತ್ತಾರೆ. ಕೊನೆಯ ಓಟದಲ್ಲಿ ಗುಡಿ ಕಂಡಿತು, ರಂಗರಾಜು ಕೂತರು. ದಾಟಿ ಹೋಗಬೇಕಿದ್ದ ದಿಲೀಪ್ ಪಕ್ಕದಲ್ಲೇ ಕೂತು ತನ್ನ ಲೇಸಿಗೆ ಕೈಹಾಕಿದ. ಅಭ್ಯಾಸವಿಲ್ಲದ ಕೈ, ಗಂಟು ಬಿಗಿದುಕೊಂಡಿತು. ಆಗಲೇ ಬಿಚ್ಚಿ ಮುಗಿಸಿದ್ದ ರಂಗರಾಜು ಓಡಲಿಲ್ಲ. “ಬಿರ್‍ನೆ ಬಿಚ್ಲಾ, ಹಿಂದ್ಲೋರು ಬಂದ್ಬುಟ್ರು!” ಎನ್ನುತ್ತ ಬಗ್ಗಿ ಆ ಗಂಟಿಗೆ ಕೈಹಾಕಿದರು.