ಹಸಿದ ತರಗಿಗೆ ಗಂಜಲ

ಮಳೆಕಾಡಿನ ನೆಲದಲ್ಲಿ ಸಾರ ಹೆಚ್ಚಿದ್ದರೆ ಉದುರಿದ ಎಲೆ ಬೇಗ ಕೊಳೆಯುತ್ತದೆಯೇ ಎಂದು ಸಂಶೋಧನೆಗೆ ಹೊರಟವನು ನಾನು. ಕಾಡಿನೊಳಗೆ ಹೋಗಲು ಅನುಮತಿ ಸಿಗಲಿಲ್ಲ. ಹಾಗಾಗಿ ಬಸರಾಳಿನ ಹತ್ತಿರ ಜಯಮ್ಮ ಎಂಬ ಹಿರಿಯರ ಕಬ್ಬಿನ ಗದ್ದೆಯನ್ನೇ ಮಳೆಕಾಡು ಅಂದುಕೊಂಡೆ. ವಿಜ್ಞಾನಿಗೆ ಇಷ್ಟಾದರೂ ಹೊಂದಾಣಿಕೆ ಬೇಡವೇ?

ಬಲೆಚೀಲಗಳಿಗೆ ಕಬ್ಬಿನ ಒಣ ತರಗು ತುಂಬಿ ಎರಡು ಸಾಲಾಗಿ ನೆಲದ ಮೇಲಿಟ್ಟೆ. ವಾರಕ್ಕೊಮ್ಮೆ ಹೋಗಿ ಎಡಸಾಲಿಗೆ ಗೊಬ್ಬರ ಕರಗಿಸಿದ ನೀರು, ಬಲಸಾಲಿಗೆ ಬರೀ ನೀರು ಹಾಕುತ್ತಿದ್ದೆ. ಮೂರು ತಿಂಗಳಾದ ಮೇಲೆ ಬಿಚ್ಚಿ ನೋಡಿದರೆ, ಬರೀ ನೀರು ಕುಡಿದ ತರಗೇ ಹೆಚ್ಚು ಕೊಳೆತು ಕಪ್ಪಾಗಿತ್ತು! ಮೊದಲು ಎಡ ಬಲ ಅದಲುಬದಲಾಯಿತೇ ಎಂದು ಮತ್ತೆ ನೋಡಿದೆ. ಆಮೇಲೆ, ಪುಸ್ತಕಗಳೆಲ್ಲ ತಪ್ಪಿರಬೇಕು, ಇನ್ನು ನನ್ನನ್ನು ಹಿಡಿಯುವವರಿಲ್ಲ ಎಂದು ಒಳಗೊಳಗೇ ಖುಷಿಯಾಯಿತು.

ಅಷ್ಟರಲ್ಲಿ ಜಯಮ್ಮ ಬಂದು ಬಕೆಟ್ಟು ಕೆಳಗಿಟ್ಟು ಬಗ್ಗಿ ನೋಡಿದರು. "ಚೆಂದಾಗ್ ಕೊಳ್ತವೆ ಅಲ್ವಾ? ನಾನೇ ದಿನಾ ಗಂಜಲ ಉಯ್ತಿದ್ದೆ ಕಣಪ್ಪಾ."

"ಅಯ್ಯೋ, ಯಾಕಮ್ಮಾ?"

"ಆ ಕಡೇವುಕ್ಕೆ ಊಟ ಆಕ್ತೀಯ, ಈ ಕಡೇವುಕ್ಕೆ ಬರೀ ನೀರು ಕುಡುಸ್ತೀಯ. ನೋಡಕಾಗ್ನಿಲ್ಲ ಕಣಪ್ಪ. ನಿನ್ ಮನೇಲೂ ಇಂಗೇ ಭೇದ ಮಾಡ್ತೀಯಾ?"

"ಇದು ಪ್ರಯೋಗ ಅಮ್ಮಾ, ಭೇದ ಮಾಡಲೇಬೇಕು."

"ಓದ್ದೋರ್ ಬುದ್ಧಿ ಇಷ್ಟೇಯ ಬುಡು," ಎಂದು ಅವರು ಬಕೆಟ್ಟು ಎತ್ತಿಕೊಂಡು ಹಸುವಿನ ಕಡೆ ಹೋದರು.

ಸಾರ ಸಿಕ್ಕಿದರೆ ತರಗು ಬೇಗ ಕೊಳೆಯುತ್ತದೆಂದು ಜಯಮ್ಮ ಬಕೆಟ್ಟಿನಲ್ಲೇ ಸಾಬೀತು ಮಾಡಿದ್ದರು. ನಾನು ಮಾತ್ರ ವರದಿಯಲ್ಲಿ, "ಸ್ಥಳೀಯರ ಅಡಚಣೆಯಿಂದ ಪ್ರಯೋಗ ವಿಫಲವಾಯಿತು" ಎಂದು ಬಹಳ ಗಂಭೀರವಾಗಿ ಬರೆದೆ.